ಉಪ್ಪಳದಲ್ಲಿ ಏಳು ನಿಮಿಷ

ಶಾಲೆಯ ಪೂರ್ವದ ಗೋಡೆ ನನ್ನದು.
ಜೂನಿನಲ್ಲಿ ಪಾಚಿ ಅದನ್ನು ತಿನ್ನುತ್ತದೆ,
ಆಗಸ್ಟಿನಲ್ಲಿ, ಎರಡು ಮಳೆಗಳ ಸಂದಿಯಲ್ಲಿ,
ಉಜ್ಜಿ, ಸುಣ್ಣ ಕೊಟ್ಟು, ನೀಲಿಯಲ್ಲಿ ಬರೆಯುತ್ತೇನೆ:
"ಕೊಡ ನಿಮ್ಮದೇ ಇರಲಿ. ಹಗ್ಗ ಬಾವಿಯದಾಗಿರಲಿ."
ಕೆಳಗೊಂದು ಗೆರೆ. ಗೆರೆಯ ಮುಂದೆ
ದೇಶಕ್ಕೆಲ್ಲ ಗೊತ್ತಿರುವ ಆ ಹೆಸರು.
ನಲವತ್ತೆರಡು ಸಲ ಬರೆದಿದ್ದೇನೆ.
ನಾಲ್ಕನೆಯ ವರ್ಷದಿಂದ ಹೆಸರಿನ ಹತ್ತಿರ
ಕೈ ಕೊಂಚ ನಡುಗುತ್ತದೆ. ವಯಸ್ಸಿಗಲ್ಲ.

ಆ ವರ್ಷ ವದೂದ್ ಸಾಹೇಬರು ನನ್ನ ಭುಜ ಅಳೆಯುತ್ತಿದ್ದರು,
ಬಾಯಲ್ಲಿ ಎರಡು ಗುಂಡುಸೂಜಿ.
ಸ್ಟೇಷನ್ ರಸ್ತೆಯ ಅಂಗಡಿ, ಕಾಲಿನ ಮಿಷನ್ನು.
ಮನೆಯೊಳಗೆ ಉರ್ದು, ಗಿರಾಕಿಗೆ ಕನ್ನಡ,
ಮೀನಿನವಳಿಗೆ ತುಳು, ಸಾಲ ಕೊಟ್ಟವನಿಗೆ ಮಲಯಾಳ.
"ಗೋಡೆಯಲ್ಲಿ ಬರೆಯುತ್ತೀಯಲ್ಲ," ಅಂದರು ಸೂಜಿಗಳ ನಡುವಿಂದ,
"ಆ ಮಾತು ಅವರು ಆಡಿದ್ದಲ್ಲ ಮಾರಾಯ."

ಆಗ ಇವರಿಗೆ ಹತ್ತೊಂಬತ್ತು.
ಬ್ರಿಟಿಷರ ಕಾಲದ ರೈಲು, ಮೂರನೇ ತರಗತಿಯ ಬಾಗಿಲು,
ಏಳು ನಿಮಿಷಕ್ಕೆ ಸ್ಟೇಷನ್ ಮಾಸ್ತರರ ಒಪ್ಪಿಗೆ.
ಹೊರಗೆ ದೋಣಿಯವರು, ಬೀಡಿ ಕಟ್ಟುವವರು,
ತಲೆಗೆ ಬೈರಾಸು ಸುತ್ತಿದವರು. ಆಚೆ ಹುಣಸೆಮರದಡಿ,
ಯಾರೂ ಹೇಳಬೇಕಿಲ್ಲದಷ್ಟು ಚೆನ್ನಾಗಿ
ದೂರ ನಿಲ್ಲಲು ಕಲಿತವರು.
ಹಿಂದೂಸ್ಥಾನಿ ಬಲ್ಲವರು ಬೇಕು ಅಂದರು. ಇವರನ್ನು ಮುಂದಕ್ಕೆ ನೂಕಿದರು.

"ಮಾತಿಗಿಂತ ಮೊದಲು ಕಂಡದ್ದು ಗುಂಡಿ.
ಎರಡು ಕೊಂಬಿನವು, ಒಂದು ಚಿಪ್ಪಿನದು,
ನಾಲ್ಕನೆಯ ಕಾಜಕ್ಕೆ ಒಂದು ಪಿನ್ನು.
ಇಷ್ಟು ದೊಡ್ಡ ಮನುಷ್ಯ! ನನ್ನ ಭಯ ಹೋಯಿತು."

ಅವರದೊಂದು ವಾಕ್ಯ, ಇವರದೊಂದು,
ರಾಟೆಯ ಎರಡು ಕೊಡಗಳ ಹಾಗೆ.
ಐದನೆಯ ನಿಮಿಷಕ್ಕೆ ಹಿರಿಯರು
ಹುಣಸೆಯ ಕಡೆ ಕೈ ತೋರಿಸಿ ಏನೋ ಹೇಳಿದರು,
ಇಂಜಿನ್ನು ಕೂಗಿತು.

ತುಟಿ ಆಡಿದ್ದು ಕಂಡಿತು. ಮಾತು ಹೊಗೆಗೆ ಹೋಯಿತು.
ಮುನ್ನೂರು ಮುಖ ಹುಡುಗನ ಬಾಯಿಗೆ ತಿರುಗಿದವು.
ಇನ್ನೊಮ್ಮೆ ಹೇಳಿ ಎನ್ನಲು ನಾಲಿಗೆ ಏಳಲಿಲ್ಲ.
ನೆನಪಾದದ್ದು ಬೆಳಿಗ್ಗೆ ಅಮ್ಮ ಬೈದದ್ದು,
ನೀರು ಸೇದಿ ಹಗ್ಗ ಮನೆಗೊಯ್ದ ನೆರೆಯವಳಿಗೆ.
ಅದನ್ನೇ ಕೂಗಿಬಿಟ್ಟರು:
ಕೊಡ, ಹಗ್ಗ, ಬಾವಿ.

ಯಾರೂ ಅಲುಗಲಿಲ್ಲ.
ಹುಣಸೆಯಡಿ ಒಬ್ಬ ಮುದುಕಿ ಗಟ್ಟಿಯಾಗಿ ನಕ್ಕಳು.
ಆ ನಗು ಮುಂದಿನ ಸಾಲಿಗೆ ಬರುವಷ್ಟರಲ್ಲಿ
ಕೆಲವರು ನೆಲ ನೋಡುತ್ತಿದ್ದರು.

ಹಿರಿಯರು ಬಗ್ಗಿ ಕೇಳಿದರು: "ಬೇಟಾ, ನಾನೇನು ಹೇಳಿದೆ?"
ಸುಳ್ಳು ಹೇಳಬಹುದಿತ್ತು.
ರಸ್ಸಿ, ಘಡಾ, ಕುವಾ, ಎಲ್ಲ ಒಪ್ಪಿಸಿದರು.
ರೈಲು ಜಗ್ಗಿತು. ಸರಳು ಹಿಡಿದು ಅವರು ಸ್ವಲ್ಪ ಯೋಚಿಸಿ,
"ನಾನು ಇದಕ್ಕಿಂತ ಉದ್ದ ಹೇಳಿದ್ದೆ," ಅಂದರು.
ಅಷ್ಟೇ. ಮುಂದಿನದು ಕುಂಬಳೆ.

ಆ ವಾರ ಸ್ಟೇಷನ್ನಿನ ಹಿಂದಿನ ಬಾವಿಗೆ
ಯಾರೋ ಹಗ್ಗ ಬಿಟ್ಟರು. ಮರುವಾರ ಯಾರೋ ಕಡಿದರು.
ಗಂಟು ಹಾಕಿದರು, ಮತ್ತೆ ಕಡಿದರು, ಮತ್ತೆ ಗಂಟು.
ಗಂಟಿನಿಂದ ಗಂಟಿಗೆ ಹಗ್ಗ ಗಿಡ್ಡವಾಯಿತಂತೆ,
ಕೊನೆಗೆ ಯಾವ ಜಾತಿಯವನಾದರೂ
ಬಗ್ಗಿಯೇ ಸೇದಬೇಕಿತ್ತಂತೆ.

ಸಾಹೇಬರು ಹೋಗಿ ಮೂವತ್ತು ವರ್ಷ.
ಬಾವಿಗೆ ಪಂಪು ಬಂದಿದೆ, ಬಾಯಿಗೆ ಕಬ್ಬಿಣದ ಜಾಲರಿ.
ಹೊಸ ಹೆಡ್‌ಮಾಸ್ತರರು ಪಯ್ಯನ್ನೂರಿನವರು,
ಕೆಳಗೆ ಮಲಯಾಳದಲ್ಲೂ ಇರಲಿ ಎಂದು ಚೀಟಿ ಕೊಟ್ಟರು.
ಮಗಳಿಂದ ಓದಿಸಿದೆ. ಕಯರ್ ಇದೆ, ಕಿಣರ್ ಇದೆ,
ಕೊಡ ಮಾತ್ರ ಬಕೆಟ್ಟಾಗಿದೆ.
ತಿದ್ದೋಣವೇ ಅಂದಳು. ಬೇಡ ಅಂದೆ.

ಗೆರೆಯ ಹತ್ತಿರ ಕುಂಚ ನಿಂತಿತು.
ಮಂಜೇಶ್ವರದ ಕಡೆ ಆಗಲೇ ಕಪ್ಪಾಗಿತ್ತು.
ದೊಡ್ಡ ಹೆಸರನ್ನೇ ಬರೆದೆ, ಪ್ರತಿ ವರ್ಷದ ಹಾಗೆ.
ಕೊನೆಯ ಚುಕ್ಕೆಯನ್ನು ಮಾತ್ರ ಸ್ವಲ್ಪ ದಪ್ಪ ಮಾಡಿ,
ನಡುವೆ ನಾಲ್ಕು ಸಣ್ಣ ತೂತು ಬಿಟ್ಟೆ.
ಹತ್ತಿರ ಹೋದರೆ ಕಾಣುತ್ತದೆ.